ಲಕ್ಷ್ಮೀಪತಿಯ ಬಲಗಾಲು

ಫೆಬ್ರವರಿ 4, ಮಂಗಳವಾರ

ಇವತ್ತು ಪಾವಗಡಕ್ಕೆ ಹೋಗಿಬಂದೆ. ಮೀಟರಿನ ಪ್ರಕಾರ ಎಲ್ಲಿಗೂ ಹೋಗಿಲ್ಲ.

ಜೀಪಿನ ಗೇರ್‌ಬಾಕ್ಸಿನಿಂದ ಮೀಟರಿಗೆ ಒಂದು ಕೇಬಲ್ ಹೋಗುತ್ತದೆ. ಅದರ ತಿರುಪನ್ನು ಕೈಯಲ್ಲೇ ಬಿಚ್ಚಬಹುದು. ಬಿಚ್ಚಿದರೆ ಮೀಟರು ನಿದ್ದೆ ಹೋಗುತ್ತದೆ, ಜೀಪು ಓಡುತ್ತದೆ. ಊರು ದಾಟಿ ಒಂದು ಹೊಂಗೆಮರದ ಕೆಳಗೆ ಬಿಚ್ಚಿದೆ, ಬರುವಾಗ ಅದೇ ಮರದ ಕೆಳಗೆ ಸಿಕ್ಕಿಸಿದೆ. ಬಸ್ಸಿಗೆ ಹೋಗಬಹುದಿತ್ತಲ್ಲ ಎಂದರೆ, ಬಸ್ಸಿನಿಂದ ಇಳಿದು ಬೆವರು ಒರೆಸಿಕೊಳ್ಳುತ್ತಾ ಬಂದವನ ಮಾತಿಗೆ ವ್ಯಾಪಾರದಲ್ಲಿ ತೂಕವಿಲ್ಲ. ಅಲ್ಲದೆ ಅಲ್ಲಿಯ ಹುಣಸೆತೋಪುಗಳೆಲ್ಲ ಒಳದಾರಿಯಲ್ಲಿವೆ. ಕಾರು ಹೋಗದ ಕಡೆ ಈ ಮುದಿ ಜೀಪು ನಾಲ್ಕೂ ಚಕ್ರ ಊರಿಕೊಂಡು ಹೋಗುತ್ತದೆ.

ಇಷ್ಟು ಕಳ್ಳತನ ಯಾಕೆಂದರೆ ಜೀಪು ನನ್ನೊಬ್ಬನದಲ್ಲ. ಅರ್ಧ ನನ್ನದು, ಅರ್ಧ ಪಾರ್ಟ್‌ನರ್ ಲಕ್ಷ್ಮೀಪತಿಯದು. ಇಪ್ಪತ್ತು ವರ್ಷದಿಂದ ಇಬ್ಬರೂ ಸೇರಿ ಕೊರಟಗೆರೆ ಕಡೆಯ ಹುಣಸೆಮರಗಳನ್ನು ಗುತ್ತಿಗೆ ಹಿಡಿಯುತ್ತೇವೆ, ಕೋಲಿನಿಂದ ಹಣ್ಣು ಉದುರಿಸುತ್ತೇವೆ, ಮಾರುತ್ತೇವೆ. ಮಾತು ನನ್ನದು, ಮೈ ಅವನದು. ದಿನಾ ಬೆಳಿಗ್ಗೆ ಗೋಡೌನಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಮೀಟರ್ ಎಷ್ಟು, ಡೀಸೆಲ್ ಎಷ್ಟು ಎಂದು ಬರೆಯುವುದು ಅವನ ಪದ್ಧತಿ. ದೇವರಿಗೆ ದೀಪ ಹಚ್ಚುವುದನ್ನು ಮರೆತಾನು, ಅದನ್ನು ಮರೆಯುವುದಿಲ್ಲ. ಮಂಗಳವಾರ ನಮ್ಮ ಕಡೆ ಹುಣಸೆಮರಕ್ಕೆ ಕೋಲು ಹಾಕುವುದಿಲ್ಲ. ಅವತ್ತು ಅವನು ಪುರವರದ ತನ್ನ ಮನೆಗೆ ಹೋಗುತ್ತಾನೆ. ಜೀಪು ನನ್ನ ಕೈಗೆ ಬರುತ್ತದೆ.

ಪಾವಗಡದ ವ್ಯಾಪಾರಿ ಜಯಕುಮಾರ್ ಚೆನ್ನಾಗಿ ಮಾತಾಡಿಸಿದ. ಕೋಲ್ಡ್ ಸ್ಟೋರೇಜ್ ಇದೆ, ಆಂಧ್ರದ ಕಡೆ ಕೈ ಇದೆ, ಮಾತಿನಲ್ಲಿ ಅರ್ಧ ತೆಲುಗು ಇದೆ. "ರಂಡಿ ಪ್ರಸನ್ನಾವ್ರೇ, ಕೂಕಳಿ. ಮುಂದಿನ ವರ್ಷಕ್ಕೆ ನೀವು ನಾನು ಸೇರಾಣ. ಮೀ ಪಾರ್ಟ್‌ನರ್ ಬ್ಯಾಡ. ಆಯಪ್ಪ ಒಳ್ಳೇವ್ನು, ಒಳ್ಳೇವ್ನಿಂದ ನಮಗೇನು ಲಾಭ?" ಎಂದ.

ನಾನು ನಕ್ಕೆ. ಒಪ್ಪಿದಂತೆಯೂ ಅಲ್ಲ, ಬಿಟ್ಟಂತೆಯೂ ಅಲ್ಲ. ಅದೊಂದು ನಗು ನನಗೆ ಚೆನ್ನಾಗಿ ಬರುತ್ತದೆ.

ಫೆಬ್ರವರಿ 8, ಶನಿವಾರ

ಪಾರ್ಟ್‌ನರ್ ಬಾಗಿಲ ಮುಂದೆ ತಲೆ ಕೆರೆದುಕೊಂಡು ನಿಂತಿದ್ದ.

"ಅಣ್ಣ, ಲೀಟ್ರಿಗೆ ಹನ್ನೆಲ್ಡು ಕೊಡ್ತಿದ್ ಗಾಡಿ ಈ ವಾರ ಎಂಟೂವರೆಗೆ ಬಂದ್ಬುಟ್ಟೈತೆ. ಯಾಕಿಂಗೆ ಕುಡಿತೈತೆ ಇದು?"

"ವಯಸ್ಸಾಯ್ತಲ್ಲ ಮಾರಾಯ, ನಿನಗೂ ನನಗೂ ಆದಂಗೆ."

"ವಯಸ್ಸಾದ್ರೆ ಉಣ್ಣೋದು ಕಮ್ಮಿ ಆಗ್ಬೇಕಲ್ವಾ?"

ಮಧ್ಯಾಹ್ನ ಏರ್ ಫಿಲ್ಟರ್ ಬಿಚ್ಚಿ ಬಡಿದ. ಒಳಗಿಂದ ಧೂಳು ಸುರಿಯಿತು. ಕಳ್ಳ ಸಿಕ್ಕಿದ ಎಂದು ಅವನಿಗೆ ಖುಷಿಯೋ ಖುಷಿ. ಹೊಸದು ತರಿಸಿ ಹಾಕಿದ. ನಾನು ಟಾರ್ಚು ಹಿಡಿದುಕೊಂಡು, "ನೋಡು, ಇದೇ ಇದ್ದೀತು" ಎಂದೆ. ಟಾರ್ಚು ಹಿಡಿಯುವುದರಲ್ಲಿ ತಪ್ಪೇನಿಲ್ಲ.

ಫೆಬ್ರವರಿ 11, ಮಂಗಳವಾರ

ಮತ್ತೆ ಹೋಗಿದ್ದೆ. ನಾಲ್ಕು ತೋಪು ನೋಡಿದೆವು. ಕಾಯಿ ದಪ್ಪ, ತಿರುಳು ಕೆಂಪು. ಜಯಕುಮಾರನ ಲೆಕ್ಕ ಚುರುಕು, ನನ್ನದರಷ್ಟೇ. ಇಂಥವನ ಜೊತೆ ಇಪ್ಪತ್ತು ವರ್ಷದ ಹಿಂದೆಯೇ ಸೇರಬೇಕಿತ್ತು.

ಫೆಬ್ರವರಿ 13, ಗುರುವಾರ

ಹೊಸ ಫಿಲ್ಟರ್ ಹಾಕಿದರೂ ಮೈಲೇಜು ಏಳಲಿಲ್ಲ. ಅದು ಹೇಗೆ ಎದ್ದೀತು? ಪಾರ್ಟ್‌ನರ್ ಹಟ ಹಿಡಿದು ಶಿರಾಕ್ಕೆ ಕರೆದುಕೊಂಡು ಹೋದ. ಅಲ್ಲಿ ನೂರುಲ್ಲಾ ಎಂಬ ಮೆಕ್ಯಾನಿಕ್ಕು ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ ಒಂದೊಂದನ್ನೇ ಪರೀಕ್ಷೆಗೆ ಹಾಕಿದ. ನಾಲ್ಕೂ ಮಂಜಿನ ಹಾಗೆ ಸಣ್ಣಗೆ ಚಿಮ್ಮಿದವು. ಪಂಪು ನೋಡಿದ. ಹೊಗೆ ನೋಡಿದ.

"ಏಕ್‌ದಂ ಸಾಫ್ ಐತೆ ಸಾಬ್. ಗಾಡಿಗೆ ಬೀಮಾರಿ ಇಲ್ಲ."

"ಹಂಗಾರೆ ಡೀಸೆಲ್ ಎಲ್ಲೋಗ್ತೈತೆ ಭಾಯ್?"

"ಡೀಸೆಲ್ ಕುಡಿಯೋದು ಎಂಜಿನ್ ಒಂದೇ ಅಲ್ಲ. ಪೈಪ್ ಹಾಕಿ ಎಳ್ಯೋರೂ ಇರ್ತಾರೆ."

ಲಕ್ಷ್ಮೀಪತಿ ಜೋರಾಗಿ ನಕ್ಕುಬಿಟ್ಟ. "ನಮ್ ಗಾಡಿ ಮುಟ್ಟೋರು ಇಬ್ರೇ. ನಾನು, ನಮ್ಮಣ್ಣ. ನಾನ್ ಕದ್ರೆ ಅಣ್ಣಂಗೆ ಗೊತ್ತಾಗ್ತೈತೆ. ಅಣ್ಣ ಯಾಕೆ ಕದೀತಾನೆ?"

ನೂರುಲ್ಲಾ ನನ್ನ ಕಡೆ ನೋಡಿದ. ಸುಮ್ಮನೆ ನೋಡಿದನೋ ಏನೋ. ನಾನು ಟೀ ಹೇಳಿದೆ, ಮೂವರಿಗೂ. ನನ್ನ ಟೀ ಹಾಗೇ ಉಳಿಯಿತು.

ಫೆಬ್ರವರಿ 17, ಸೋಮವಾರ

ಪಾರ್ಟ್‌ನರ್ ಟೈರಿಗೆ ಗಾಳಿ ಹೊಡೆಸಿದ. ಡೀಸೆಲ್ ಪೈಪಿನ ಉದ್ದಕ್ಕೂ ಕಾಗದ ಒರೆಸಿ ಸೋರಿಕೆ ಹುಡುಕಿದ. ಗುಡ್ಡ ಹತ್ತುವಾಗ ಮುಂದಿನ ಚಕ್ರಗಳಿಗೂ ಹಾಕುವ ಗೇರ್ ಹಾಗೇ ಕೂತು ಉಳಿದಿದೆಯೇನೋ ಎಂದು ಕೆಳಗೆ ಮಲಗಿ ನೋಡಿದ. ಏನೂ ಸಿಗಲಿಲ್ಲ.

ಇವತ್ತು ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಟ್ಟು ಬರಿಗಾಲಲ್ಲಿ ಓಡಿಸಿದ. ಯಾಕೆ ಎಂದರೆ, "ಗಾಡಿದು ತಪ್ಪಿಲ್ಲ ಅಂದ್ಮ್ಯಾಲೆ ನಂದೇ ಇರ್ಬೇಕಲ್ಲಣ್ಣ. ಸಕ್ರೆ ಕಾಯ್ಲೆ ಬಂದ್ಮೇಲೆ ಈ ಬಲಗಾಲು ಒಂದೊಂದ್ಸಲ ಜೋಮು ಹಿಡಿತೈತೆ. ಎಕ್ಸಿಲೇಟ್ರು ಎಷ್ಟ್ ತುಳಿತೀನಿ ಅಂತ ತಿಳಿಯಲ್ವೇನೋ" ಎಂದ.

"ಏ, ಬುಡು. ನಿನ್ನಂಥ ಡ್ರೈವರು ಮಧುಗಿರೀಲೇ ಇಲ್ಲ" ಎಂದೆ. ಅದು ನಿಜವೇ. ನಿಜವನ್ನೇ ಹೇಳಿದರೂ ಸುಳ್ಳು ಹೇಳಿದ ಹಾಗೆ ಯಾಕೆ ಕೇಳಿಸಿತೋ.

ಫೆಬ್ರವರಿ 18, ಮಂಗಳವಾರ

ಪಾವಗಡ. ಮಾರ್ಚ್ ನಾಲ್ಕಕ್ಕೆ ಕರಾರು ಬರೆಯೋಣ ಎಂದ ಜಯಕುಮಾರ್. ಆಗಲಿ ಎಂದೆ.

ಫೆಬ್ರವರಿ 20, ಗುರುವಾರ

ಇವತ್ತು ಪಾರ್ಟ್‌ನರ್ ಒಂದು ಉಪಾಯ ತಂದ. ಟ್ಯಾಂಕಿನ ಬಾಯಿತನಕ ಡೀಸೆಲ್ ತುಂಬಿಸುವುದು, ಶನಿವಾರ ಇಬ್ಬರೂ ಒಟ್ಟಿಗೆ ಒಂದು ಸುತ್ತು ಹೋಗಿಬರುವುದು, ಅದೇ ಬಂಕಿನಲ್ಲಿ ಮತ್ತೆ ಬಾಯಿತನಕ ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟೇ ಕುಡಿದಿರುವುದು.

ಇಷ್ಟು ಸರಳವಾದದ್ದು ಅವನಿಗೆ ಹೊಳೆಯುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಜೀಪು ಅವತ್ತು ಹನ್ನೆರಡು ಕೊಟ್ಟೇ ಕೊಡುತ್ತದೆ. ಕೊಟ್ಟರೆ ಮುಂದಿನ ಪ್ರಶ್ನೆ ಮೀಟರಿನದು, ಆಮೇಲಿನದು ಮಂಗಳವಾರದ್ದು.

ನಾನೇ ಪ್ರತಿ ಸಲ ನನ್ನ ಜೇಬಿನಿಂದ ಹತ್ತು ಲೀಟರ್ ಹಾಕಿಸಿಬಿಟ್ಟಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ಬಂಕಿನ ಮುಂದೆ ಹೋಗುವಾಗಲೆಲ್ಲ ಅನಿಸಿತ್ತು ಕೂಡ. ಜೀಪು ಜಂಟಿಯದು, ಡೀಸೆಲ್ಲೂ ಜಂಟಿಯದೇ ಇರಲಿ ಎಂದುಕೊಂಡೆ. ಊರೆಲ್ಲ ನನ್ನನ್ನು ಬುದ್ಧಿವಂತ ಎನ್ನುತ್ತದೆ.

ಫೆಬ್ರವರಿ 21, ಶುಕ್ರವಾರ

ಮಧ್ಯಾಹ್ನ ಊಟವಾದ ಮೇಲೆ ಅವನು ಮೂಟೆಗಳ ಮೇಲೆ ಒರಗಿ ಮಲಗುತ್ತಾನೆ. ಆಗ ಸ್ಪ್ಯಾನರ್ ತೆಗೆದುಕೊಂಡು ಜೀಪಿನ ಹಿಂದೆ ಮಲಗಿದೆ. ಬ್ರೇಕಿನ ಪಟ್ಟಿಯನ್ನು ಡ್ರಮ್ಮಿಗೆ ಹತ್ತಿರ ತರುವ ಒಂದು ಬೋಲ್ಟು ಇರುತ್ತದೆ. ಹಿಂದಿನ ಎರಡೂ ಚಕ್ರಕ್ಕೆ ಒಂದಿಷ್ಟು ಬಿಗಿ ಮಾಡಿದೆ. ಇನ್ನು ಕಾಲಿಟ್ಟರೂ ಇಡದಿದ್ದರೂ ಬ್ರೇಕು ಉಜ್ಜುತ್ತಲೇ ಇರುತ್ತದೆ, ಜೀಪು ನಿಜವಾಗಿಯೇ ಕುಡಿಯುತ್ತದೆ. ಶಿರಾ ಕಡೆ ಸಪಾಟು ರಸ್ತೆಯಲ್ಲಿ ಒಂದು ಸುತ್ತು. ಸಂಜೆ ನಾನೇ 'ಕಂಡುಹಿಡಿದು' ಸಡಿಲಿಸುತ್ತೇನೆ. ಕಾಯಿಲೆಯೂ ಸಿಕ್ಕಂತಾಯಿತು, ಔಷಧಿಯೂ ಕೊಟ್ಟಂತಾಯಿತು. ಅವನಿಗೂ ಸಮಾಧಾನ.

ಯಾರಿಗೂ ನಷ್ಟವಿಲ್ಲ. ಎರಡು ಸಲ ಲೆಕ್ಕ ಹಾಕಿ ನೋಡಿದೆ.

ಫೆಬ್ರವರಿ 22, ಶನಿವಾರ

ಎಲ್ಲವನ್ನೂ ಇದ್ದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಟ್ಯಾಂಕು ತುಂಬಿಸಿ ಹೊರಟಾಗ ಅವನು ಶಿರಾ ಕಡೆ ತಿರುಗಿಸಲಿಲ್ಲ, ಕೊರಟಗೆರೆ ಕಡೆ ತಿರುಗಿಸಿದ. "ಸಿದ್ದರಬೆಟ್ಟದ ಮಗ್ಗುಲು ಮೇಲಿನ ತೋಪಿಂದ ಮೂಟೆ ಇಳಿಸ್ಬೇಕಲ್ಲಣ್ಣ, ಹೆಂಗಸ್ರೂ ಅಲ್ಲೇ ಅವ್ರೆ. ಎರಡೂ ಕೆಲ್ಸ ಆಯ್ತದೆ" ಎಂದ. ಆಗ ನನಗೆ ಸಮಯವಿತ್ತು. ನಿಲ್ಲಿಸು, ಚಕ್ರ ಯಾಕೋ ಸದ್ದು ಮಾಡ್ತಿದೆ ಎಂದಿದ್ದರೆ ಸಾಕಿತ್ತು. ಸುಳ್ಳು ಹೇಳುವುದರಲ್ಲಿ ನಾನು ಕಲಿಯಬೇಕಾದ್ದೇನೂ ಇರಲಿಲ್ಲ. ಆ ಒಂದು ಸುಳ್ಳು ಮಾತ್ರ ಬಾಯಿಗೆ ಬರಲಿಲ್ಲ.

ಹತ್ತುವಾಗ ಜೀಪು ಏದುಸಿರು ಬಿಟ್ಟಿತು. ಮೇಲೆ ಮೂಟೆ ಹೇರಿದರು. ಆಯುವ ಹೆಂಗಸರು ಆರು ಜನ ಹಿಂದೆ ಹತ್ತಿದರು. ಅವರ ಹಿರಿಯಳು ಚಿಕ್ಕಹನುಮಕ್ಕ ಕೊನೆಗೆ ಹತ್ತಿ, "ಸಾಮಿ, ಇವತ್ತು ಮುಖ ಯಾಕೆ ಹರಳೆಣ್ಣೆ ಕುಡ್ದಂಗೈತೆ?" ಎಂದಳು. ಎಲ್ಲರೂ ನಕ್ಕರು.

ಇಳಿಜಾರಿನ ಎರಡನೇ ತಿರುವಿನಲ್ಲಿ ಸುಟ್ಟ ವಾಸನೆ ಬಂತು. "ಅಣ್ಣ, ಏನೋ ಸುಡ್ತೈತೆ" ಎಂದ. "ಕ್ಲಚ್ಚಿರಬೇಕು, ಹತ್ತುವಾಗ ಎಳೆದಿದ್ದಲ್ಲ" ಎಂದೆ. ನಾನು ಹೇಳಿದ್ದನ್ನು ನಂಬಿದ. ಮೂರನೇ ತಿರುವಿನಲ್ಲಿ ಮೆಲ್ಲಗೆ, "ಅಣ್ಣಾ" ಎಂದ. ಅಷ್ಟೇ. ಅವನ ಬರಿಗಾಲು ಬ್ರೇಕನ್ನು ಒತ್ತಿತ್ತು, ಪೆಡಲ್ಲು ನೆಲ ಮುಟ್ಟಿತ್ತು, ಜೀಪು ನಿಲ್ಲುತ್ತಿರಲಿಲ್ಲ. ಗೇರನ್ನು ಒಂದಕ್ಕೆ ಜಗ್ಗಿದ. ಎಂಜಿನ್ನು ಕಿರುಚಿತು. ಬಲಕ್ಕೆ ಕಮರಿ. ಅವನು ಎಡಕ್ಕೆ ಎಳೆದು ಮಣ್ಣಿನ ದಿಬ್ಬಕ್ಕೆ ಕೊಟ್ಟ.

ಜೀಪು ನಿಂತಿತು. ಮಡ್‌ಗಾರ್ಡು ಒಳಗೆ ಹೋಗಿದೆ, ಅಷ್ಟೇ. ಚಿಕ್ಕಹನುಮಕ್ಕನ ಕೈ ಟಾಪಿನ ಕಂಬಿಗೂ ಮೂಟೆಗೂ ನಡುವೆ ಸಿಕ್ಕಿ ಮಣಿಕಟ್ಟು ಮುರಿಯಿತು. ಅವಳು ಅಳಲಿಲ್ಲ. "ಎಲ್ರೂ ಇದೀರೇನ್ರೇ?" ಎಂದು ಕೇಳಿದಳು.

ಅರ್ಧ ಗಂಟೆಯ ಮೇಲೆ ಲಕ್ಷ್ಮೀಪತಿ ಮತ್ತೆ ಬ್ರೇಕು ಒತ್ತಿ ನೋಡಿದ. ಗಟ್ಟಿಯಾಗಿ ಹಿಡಿಯಿತು. ಉಜ್ಜಿ ಉಜ್ಜಿ ಕಾದು ಕುದಿದ ಬ್ರೇಕಿನ ಎಣ್ಣೆ ತಣ್ಣಗಾದರೆ ಬ್ರೇಕು ಮರಳಿ ಬರುತ್ತದೆ, ನನಗೆ ಗೊತ್ತು. ಅವನಿಗೂ ಗೊತ್ತಿರುವ ವಿಷಯವೇ. ಆದರೆ ಅವನ ಮನಸ್ಸು ಆಗಲೇ ಬೇರೆ ಕಡೆ ಹೋಗಿತ್ತು. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಬ್ರೇಕ್ ಸರಿಯಾಗೈತಣ್ಣ. ನಾನೇ ಸರಿಯಾಗಿ ತುಳೀಲಿಲ್ಲ" ಎಂದ.

ನಿಧಾನವಾಗಿ ನಾನೇ ಓಡಿಸಿಕೊಂಡು ಇಳಿಸಿದೆ.

ಫೆಬ್ರವರಿ 23, ಭಾನುವಾರ

ಕೊರಟಗೆರೆ ಆಸ್ಪತ್ರೆಯಲ್ಲಿ ಚಿಕ್ಕಹನುಮಕ್ಕನ ಕೈಗೆ ಪಟ್ಟಿ ಹಾಕಿದರು.

ಫೆಬ್ರವರಿ 25, ಮಂಗಳವಾರ

ಪಾವಗಡಕ್ಕೆ ಹೋಗಲಿಲ್ಲ. ಬಿಸಿಲು.

ಹಿಂದಿನ ಚಕ್ರಗಳ ಬೋಲ್ಟನ್ನು ಮೊದಲಿದ್ದ ಹಾಗೆ ಸಡಿಲಿಸಿದೆ. ಚಿಕ್ಕಹನುಮಕ್ಕನ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಬಂದೆ. "ಲಚ್ಮೀಪತಣ್ಣ ಬಂದಿದ್ದ ಸಾಮಿ. ಕಾಲಿಗೆ ಬಿದ್ದ ಕಣಪ್ಪ ನಂಗೆ! ನಾನೇ ಬೈದೆ. ಎಡಕ್ಕೆ ಎಳೀದಿದ್ರೆ ಎಲ್ರೂ ಕೆಳಗಿರ್ತಿದ್ವಿ ಅಂದೆ" ಎಂದಳು.

ಆಸ್ಪತ್ರೆಯ ಖರ್ಚಿನ ಚೀಟಿ ಜೇಬಿನಲ್ಲಿತ್ತು. ಅದನ್ನು ಯಾವ ಬಾಬ್ತಿಗೆ ಹಾಕಬೇಕೋ ತಿಳಿಯಲಿಲ್ಲ. ಹಾಗೇ ಇದೆ.

ಮಾರ್ಚ್ 1, ಶನಿವಾರ

ಈಗ ಓಡಿಸುವವನು ನಾನೇ. ಲಕ್ಷ್ಮೀಪತಿ ಎಡಗಡೆ ಕೂರುತ್ತಾನೆ, ಮಡಿಲಲ್ಲಿ ಕೈ ಇಟ್ಟುಕೊಂಡು. ಗೇರು ಬದಲಿಸುವ ಕಡೆ ಅವನ ಕೈ ತಾನಾಗಿ ಒಮ್ಮೊಮ್ಮೆ ಮೇಲೇಳುತ್ತದೆ.

ಇವತ್ತು ಬಾಗಿಲ ಮೇಲೆ ವಾರದ ಲೆಕ್ಕ ಬರೆದ. ಹನ್ನೆರಡು. ಸುಣ್ಣ ಕೆಳಗಿಟ್ಟು ನನ್ನ ಕಡೆ ತಿರುಗಿದ. ನಗುತ್ತಿದ್ದ. ಎಂಥ ನಗು ಅದು!

"ನೋಡ್ದಾ ಅಣ್ಣ, ನಾನ್ ಬಿಟ್ಟೆ, ಗಾಡಿ ಸರಿಹೋಯ್ತು. ಕಾಲೇ ಕಣಣ್ಣ. ಸುಮ್ನೆ ಫಿಲ್ಟ್ರು ನಾಜಲ್ಲು ಅಂತ ನಿನ್ನೂ ಅಲೆದಾಡಿಸ್ಬುಟ್ಟೆ."

ಆಮೇಲೆ ಮೂಟೆಯ ಮೇಲೆ ಕೂತು, ಅದಾಗಲೇ ಯೋಚಿಸಿಟ್ಟುಕೊಂಡಿದ್ದವನ ಹಾಗೆ ಹೇಳಿದ. "ಗಾಡಿ ಓಡಿಸ್ದೆ ನಾನೇನು ಪಾರ್ಟ್‌ನರು? ಮಾತು ನಂಗೆ ಬರಲ್ಲ. ಮುಂದಿನ ವರ್ಷಕ್ಕೆ ನೀನು ಬೇರೆ ಯಾರ್ನಾದ್ರೂ ನೋಡ್ಕ. ನಾನು ಮೂಟೆ ಹೊಲ್ಕಂಡು ಇಲ್ಲೇ ಇರ್ತೀನಿ, ಕೂಲಿ ಕೊಡು."

ಒಂದು ತಿಂಗಳಿಂದ ಈ ಮಾತನ್ನು ಅವನಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದವನು ನಾನು. ಅವನೇ ಹೇಳಿದ. ನನ್ನ ನಾಲಿಗೆಗೆ ಒಂದು ಮಾತಿನ ಕೆಲಸವನ್ನೂ ಉಳಿಸಲಿಲ್ಲ.

ಮನೆಯಲ್ಲಿ ಹೆಂಡತಿ ದಾಕ್ಷಾಯಣಿ, "ಊಟಕ್ಕೆ ಕೂತಾಗಲೆಲ್ಲ ಲಕ್ಷ್ಮೀಪತಿ ಲಕ್ಷ್ಮೀಪತಿ ಅಂತೀರಲ್ಲ, ಮೊದಲು ಅವನ ಹೆಸರೆತ್ತಿದರೆ ರೇಗುತ್ತಿದ್ದಿರಿ" ಎಂದಳು. ಹಾಗೇನಿಲ್ಲ. ಹೆಂಗಸರಿಗೆ ಏನೋ ಒಂದು ಕಾಣುತ್ತದೆ.

ಮಾರ್ಚ್ 4, ಮಂಗಳವಾರ

ಕರಾರಿನ ದಿನ. ಬಿಳಿ ಅಂಗಿ ಹಾಕಿಕೊಂಡು ಹೊರಟೆ. ಹೊಂಗೆಮರ ಬಂತು, ಹೋಯಿತು. ಕೇಬಲ್ ಬಿಚ್ಚುವುದನ್ನು ಮರೆತಿದ್ದೇನೆ ಎಂದು ಬಹಳ ಮುಂದೆ ಹೋದ ಮೇಲೆ ಗೊತ್ತಾಯಿತು. ಬಿಚ್ಚುವ ಅಗತ್ಯವೂ ಇರಲಿಲ್ಲ, ಈಗ ಕೇಳುವವರು ಯಾರು? ಆದರೂ ಒಂದು ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟಾಗ ಕಾಲು ನಡುಗಿತು. ಬ್ರೇಕು ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ನನ್ನದು ಸಕ್ಕರೆ ಇಲ್ಲದ ಕಾಲು. ನಡುಗುವುದು ನಿಲ್ಲಲಿಲ್ಲ. ರಸ್ತೆ ಪಕ್ಕದಲ್ಲಿ ನಿಲ್ಲಿಸಿದೆ. ಆಮೇಲೆ ತಿರುಗಿಸಿಕೊಂಡು ಬಂದೆ.

ಜಯಕುಮಾರನ ಫೋನು ಬಂತು. ಎತ್ತಲಿಲ್ಲ. ಚಾರ್ಜ್ ಇರಲಿಲ್ಲ ಎಂದರಾಯಿತು.

ಮಾರ್ಚ್ 6, ಗುರುವಾರ

ಬೆಳಿಗ್ಗೆಯಿಂದ ಬಾಯಿ ತೆರೆದು ತೆರೆದು ಮುಚ್ಚಿದೆ. ಹುಣಸೆಯ ಬಗ್ಗೆ, ಬಿಸಿಲಿನ ಬಗ್ಗೆ, ಗೋಣಿಚೀಲದ ಬಗ್ಗೆ ಎಷ್ಟು ಬೇಕೋ ಅಷ್ಟು ಮಾತು ಬಂತು. ಕೊನೆಗೆ ಮಾತು ಬಿಟ್ಟು ಸ್ಪ್ಯಾನರ್ ತೆಗೆದುಕೊಂಡೆ.

"ಲಕ್ಷ್ಮೀಪತಿ, ಬಾ ಇಲ್ಲಿ. ಜೀಪು ತಳ್ಳು."

"ಯಾಕಣ್ಣ, ಬ್ಯಾಟ್ರಿ ಹೋಯ್ತಾ?"

"ತಳ್ಳು ಅಂದೆ."

ಹೊಲಿಯುತ್ತಿದ್ದ ದಬ್ಬಳ ಬಿಟ್ಟು ಬಂದು ಭುಜ ಕೊಟ್ಟ. ಗೋಡೌನಿನ ಮುಂದಿನ ಸಪಾಟು ಅಂಗಳದಲ್ಲಿ ಜೀಪು ಸಲೀಸಾಗಿ ಉರುಳಿತು. ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆ. ಅಂಗಿ ಕೊಳೆಯಾಗುವುದನ್ನೂ ನೋಡದೆ ಕೆಳಗೆ ಮಲಗಿ, ಅವನ ಕಣ್ಣೆದುರಿಗೇ ಎರಡೂ ಬೋಲ್ಟು ಬಿಗಿ ಮಾಡಿದೆ, ಅವತ್ತು ಮಾಡಿದಷ್ಟೇ. ಎದ್ದು ಕಲ್ಲು ತೆಗೆದೆ.

"ಈಗ ತಳ್ಳು."

ತಳ್ಳಿದ. ಅಲುಗಲಿಲ್ಲ. ಬೆನ್ನು ಕೊಟ್ಟು ತಳ್ಳಿದ. ಜೀಪು ಮುಲುಗಿತೇ ಹೊರತು ಕದಲಲಿಲ್ಲ. ಅವನು ಕುಕ್ಕರುಗಾಲಲ್ಲಿ ಕೂತು ಚಕ್ರದ ಹಿಂದೆ ನೋಡಿದ. ನನ್ನ ಕೈಯಲ್ಲಿದ್ದ ಸ್ಪ್ಯಾನರ್ ನೋಡಿದ.

"ಯಾವತ್ತು?"

"ಹಿಂದಿನ ದಿನ ಮಧ್ಯಾಹ್ನ. ನೀನು ಮಲಗಿದ್ದೆ."

"ವಾಸ್ನೆ ಬಂತಲ್ಲ ಅವತ್ತು."

"ಹೂಂ."

"ಕ್ಲಚ್ಚು ಅಂದೆ."

"ಹೂಂ."

"ಯಾಕ್ಲಾ?"

ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು. ಹೇಳಿದೆ. ಕೇಬಲ್ಲು, ಮಂಗಳವಾರ, ಪಾವಗಡ, ಜಯಕುಮಾರ್. ತಾಸುಗಟ್ಟಲೆ ಮಾತಾಡಿ ಮರ ಗುತ್ತಿಗೆ ಹಿಡಿಯುವ ನಾನು ನಾಲ್ಕು ಮಾತಿನಲ್ಲಿ ಮುಗಿಸಿದೆ.

"ನನ್ ಬಿಟ್ಟು ಹೋಗ್ಬೇಕಂದ್ರೆ ಹೋಗ್ತೀನಿ ಅನ್ನಬೌದಿತ್ತು. ಹಿಂದೆ ಆರ್ ಜನ ಹೆಂಗಸ್ರಿದ್ರು" ಎಂದ. ಕೂಗಲಿಲ್ಲ.

ಆಮೇಲೆ ಬಲಗಾಲಿನ ಚಪ್ಪಲಿ ಬಿಟ್ಟು ಕಾಲನ್ನು ನೆಲಕ್ಕೆ ಊರಿದ. ಬೆರಳು ಒತ್ತಿದ, ಹಿಮ್ಮಡಿ ಒತ್ತಿದ. ಇನ್ನೊಮ್ಮೆ ಒತ್ತಿದ. ಸಂತೆಯಲ್ಲಿ ಎತ್ತಿನ ಕಾಲು ನೋಡುವ ಹಾಗೆ ತನ್ನ ಕಾಲನ್ನು ತಾನೇ ನೋಡಿಕೊಂಡ. ಸ್ಪ್ಯಾನರ್ ಕಿತ್ತುಕೊಂಡು ತಾನೇ ಮಲಗಿ ಬೋಲ್ಟು ಸಡಿಲಿಸಿದ. ಡ್ರೈವರ್ ಸೀಟಿಗೆ ಹತ್ತಿ ಸ್ಟಾರ್ಟ್ ಮಾಡಿಕೊಂಡು ಹೊರಟುಹೋದ.

ತಿರುವಿನಲ್ಲಿ ಬ್ರೇಕು ಒತ್ತಿದ ಕೆಂಪು ದೀಪ ಕಾಣಿಸಿತು. ಅಲ್ಲಿತನಕ ನೋಡಿದೆ. ನಡೆದುಕೊಂಡು ಮನೆಗೆ ಬಂದೆ.

ಮಾರ್ಚ್ 7, ಶುಕ್ರವಾರ

ಬರಲಿಲ್ಲ. ಫೋನೂ ಇಲ್ಲ. ಜಯಕುಮಾರನದು ಮಾತ್ರ ಬಂತು. ಎತ್ತಿ, ಆಗುವುದಿಲ್ಲ ಎಂದೆ. ಕಾರಣ ಕೇಳಿದ. ಫೋನಿಟ್ಟೆ.

ಮಾರ್ಚ್ 8, ಶನಿವಾರ

ಬೆಳಿಗ್ಗೆ ಮನೆ ಮುಂದೆ ಹಾರ್ನ್ ಆಯಿತು. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಲಕ್ಷ್ಮೀಪತಿ ಸ್ಟಿಯರಿಂಗ್ ಹಿಡಿದು ನೇರ ರಸ್ತೆಯನ್ನೇ ನೋಡುತ್ತಿದ್ದ. ನಾನು ಕೂರುವ ಸೀಟಿನ ಮೇಲೆ ಖಾಲಿ ಚೀಲಗಳ ಒಂದು ಕಟ್ಟನ್ನು ನೆಟ್ಟಗೆ ಕೂರಿಸಿದ್ದ.

"ಹಿಂದೆ" ಎಂದ.

ಹಿಂದೆ ಹೆಂಗಸರಿದ್ದರು. ಚಿಕ್ಕಹನುಮಕ್ಕ ಪಟ್ಟಿ ಹಾಕಿದ ಕೈಯನ್ನು ಸೀರೆ ಸೆರಗಿನಲ್ಲಿ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದಳು. ಕೆಲಸಕ್ಕಲ್ಲ, ಸುಮ್ಮನೆ ತೋಪು ನೋಡಲು ಬಂದಿದ್ದಳಂತೆ. ನಾನು ಹತ್ತಿದೆ. ಕೂರಲು ಒಂದಿಷ್ಟು ಜಾಗ ಬಿಟ್ಟರು.

ಊರು ದಾಟಿದ ಮೇಲೆ ಚಿಕ್ಕಹನುಮಕ್ಕನೇ ಅಂದಳು. "ಎಲ್ಲಾ ಹೇಳವ್ನೆ ಸಾಮಿ, ಲಚ್ಮೀಪತಣ್ಣ."

"ಹೂಂ" ಎಂದೆ.

"ನಾನಾಗಿದ್ರೆ ಹತ್ತುಸ್ಕಂತಿರ್ಲಿಲ್ಲ."

ಅದಕ್ಕೂ "ಹೂಂ" ಎಂದೆ.

ಸಂಜೆ ಮೂಟೆ ಹೇರಿಕೊಂಡು ಇಳಿಯುವಾಗ ಮೊದಲ ತಿರುವಿಗೆ ಮುಂಚೆ ಅವಳು ನನ್ನ ಕಡೆ ಸರಿದಳು. "ಒಂದ್ಕೈಲಿ ನಂಗೆ ಕಂಬಿ ಹಿಡ್ಕಣಕ್ಕಾಗಲ್ಲ. ಹಿಡ್ಕ ನನ್ನ" ಎಂದಳು. ಅವಳ ಗಟ್ಟಿ ಕೈಯ ತೋಳನ್ನು ಹಿಡಿದುಕೊಂಡೆ. ಒಣಗಿದ, ಬಿಸಿಲು ಬಿದ್ದ ತೋಳು.

ಮೂರನೇ ತಿರುವು ಬಂತು. ಲಕ್ಷ್ಮೀಪತಿ ಬ್ರೇಕು ಒತ್ತಿದ. ಜೀಪು ನಿಧಾನವಾಯಿತು. ಹೆಂಗಸರು ಆರೂ ಜನ ರಸ್ತೆ ನೋಡಲಿಲ್ಲ, ನನ್ನ ಮುಖ ನೋಡಿದರು. ನಾನು ತೋಳು ಬಿಡಲಿಲ್ಲ.